ಪರದೆಯ ಮೇಲೆ ನಿಂಗಕ್ಕ

ತಿಂಗಳ ಕೊನೆ ಬಂದರೆ ಸಾಕು, ನಾಸಿರ್‌ನೊಳಗೆ ಒಬ್ಬ ಖಳನಾಯಕ ಎದ್ದು ಕೂರುತ್ತಿದ್ದ. ಹೊಸದುರ್ಗದ ಹೊರಗಿನ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಹಾಜರಿ ನೋಡಿಕೊಳ್ಳುವವನು ಅವನೇ. ಕಂಪ್ಯೂಟರಿನಲ್ಲಿ ಎಲ್ಲರ ಹಾಜರಿ ನೋಡಿ, ತಪ್ಪಿದ್ದರೆ ತಿದ್ದಿ, ಸಂಜೆ ಲಾಕ್ ಮಾಡಬೇಕು. ಆಮೇಲೆ ಸಂಬಳದ ಲೆಕ್ಕ. ತಿದ್ದುವ ಮಾತೇ ಇಲ್ಲ.

"ಲಾಕ್ ಆಗೋವರ್ಗೂ ನಾನು ನಿಮ್ಮ ನಾಸಿರ. ಆದ್ಮೇಲೆ ಯಮನ ತಮ್ಮ!" ಎಂದು ಕಿಟಕಿಯಿಂದ ಡೈಲಾಗ್ ಎಸೆಯುತ್ತಿದ್ದ.

ಅವತ್ತು ಮಾತ್ರ ಡೈಲಾಗು ಮರೆತು ಪರದೆಗೆ ಬಗ್ಗಿದ. ಹೊಸದಾಗಿ ಸೇರಿದ ರೋಜಾ ಇಡೀ ತಿಂಗಳು ಗೈರುಹಾಜರು. ಯುಗಾದಿಗೆ ಮುಂಚೆಯೇ ತೀರಿಹೋದ ಅವಳವ್ವ ನಿಂಗಕ್ಕ ಮಾತ್ರ ಒಂದು ದಿನವೂ ತಪ್ಪದೆ ಕೆಲಸಕ್ಕೆ ಬಂದಿದ್ದಾಳೆ!

ಗೇಟಿನ ಬಳಿಯ ಮುಖ ಗುರುತಿಸುವ ಯಂತ್ರದ ಕೆಲಸ ಇದು. ಅದೇ ಮೂಗು, ಧೂಳಿಗೆಂದು ತಲೆಗೆ ಅದೇ ರೀತಿ ಸುತ್ತಿದ ಟವೆಲು. ರೋಜಾಳನ್ನು ಸೇರಿಸುವಾಗಲೇ ಯಂತ್ರ 'ಈ ಮುಖ ಈಗಾಗಲೇ ಇದೆ' ಎಂದು ಗೊಣಗಿತ್ತು. ನಾಸಿರ್ ಹೀರೋ ಥರ ಓಕೆ ಒತ್ತಿ ನಡೆದಿದ್ದ.

ನಿಂಗಕ್ಕನ ಹೆಸರನ್ನು ತೆಗೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದ. ಬೆರಳು ಮುಂದೆ ಹೋಗಿರಲಿಲ್ಲ. ಯಂತ್ರ ಬಂದ ಹೊಸದರಲ್ಲಿ ಅವಳನ್ನು ಅದರ ಮುಂದೆ ನಿಲ್ಲಿಸಿ, "ನಿಂಗಕ್ಕ, ಕಣ್ಣಾಗೇ ಬೆಂಕಿ ಹಚ್ಚು!" ಎಂದಿದ್ದ.

"ಒಲೆ ಹಚ್ಚಿ ಹಚ್ಚೇ ಸಾಕಾಗೈತೆ ಕಣಲೇ!" ಎಂದು ಅವಳು ಬಿದ್ದು ಬಿದ್ದು ನಕ್ಕಿದ್ದಳು. ನಗು ನಿಲ್ಲುವವರೆಗೂ ಯಂತ್ರ ಅವಳನ್ನು ಒಪ್ಪಿರಲಿಲ್ಲ. ರಂಜಾನ್ ತಿಂಗಳಲ್ಲಿ ಅವಳು ಬುತ್ತಿ ಬಿಚ್ಚುತ್ತಿದ್ದುದು ನಾರಿನ ರಾಶಿಯ ಆಚೆ. "ಹುಡ್ಗ ಉಪಾಸ ಐದಾನೆ, ಈ ಕಡೆ ಬರ್ರೇ" ಎಂದು ಉಳಿದ ಹೆಂಗಸರನ್ನೂ ಎಳೆದೊಯ್ಯುತ್ತಿದ್ದಳು. ರಾಶಿ ದಾಟಿ ಅವನ ಮೂಗಿಗೆ ಬರುತ್ತಿದ್ದ ಆ ಹುರುಳಿ ಸಾರಿನ ವಾಸನೆ!

ರೋಜಾಳನ್ನು ಕರೆಸಿದ.

"ದಿನಾ ನಿಮ್ಮವ್ವನ ಹೆಸ್ರು ಬರ್ತಿತ್ತಲ್ಲ, ಯಾಕ್ ಹೇಳ್ಲಿಲ್ಲ?"

ರೋಜಾ ಕೈಗಂಟಿದ ನಾರನ್ನು ಕಿತ್ತುಕೊಳ್ಳುತ್ತಾ ನಿಂತಳು. "ಹಸಿರು ದೀಪ ಹತ್ಕಂಡು 'ನಿಂಗಕ್ಕ' ಅಂತ ಬರ್ತಿತ್ತಣ್ಣ. ಮನೇಲಿ ಈಗ ಯಾರೂ ಆ ಹೆಸ್ರು ಕರೆಯಲ್ಲ. ಹೇಳಿದ್ರೆ ನೀನು ಅಳಿಸಿಬಿಡ್ತೀಯ ಅಂತ ಸುಮ್ನಿದ್ದೆ."

"ಈ ತಿಂಗ್ಳುದ್ದು ತಿದ್ತೀನಿ. ಆದ್ರೆ ಅವ್ವನ್ನ ಅಳಿಸ್ಲಿಲ್ಲ ಅಂದ್ರೆ ಮುಂದ್ಲ ತಿಂಗ್ಳೂ ಇದೇ ಕತೆ. ನಿನ್ ದುಡಿಮೆ ನಿಂದಲ್ಲ ಅಂತಾಗ್ತೈತೆ ಕಣಮ್ಮ."

ರೋಜಾ ಕೈಗಂಟಿದ್ದ ಕೊನೆಯ ನಾರನ್ನೂ ಕಿತ್ತಳು. ಆಮೇಲೆ, "ಅಳಿಸು" ಎಂದು ಗೋಡೆಯ ಕಡೆ ತಿರುಗಿದಳು.

ನಾಸಿರ್ ನಿಂಗಕ್ಕನ ದಿನಗಳನ್ನೆಲ್ಲ ಮಗಳ ಹೆಸರಿಗೆ ಹಾಕಿದ. ನಿಂಗಕ್ಕನನ್ನು ಅಳಿಸಿದ. ರೋಜಾಳ ಹೆಸರು ತೆರೆದವನು ಸ್ವಲ್ಪ ತಡೆದು, ಊರಲ್ಲಿ ಅವಳನ್ನು ಕರೆಯುವ ಹಾಗೇ ಟೈಪ್ ಮಾಡಿದ: ನಿಂಗಕ್ಕನ ರೋಜಾ.

ಅಷ್ಟರಲ್ಲಿ ಯಜಮಾನ ಚಿತ್ರಲಿಂಗಪ್ಪ ಬಂದು ಬೆನ್ನ ಹಿಂದೆ ಬಗ್ಗಿದರು. "ಇದೇನಲೇ? ಆಧಾರ್‌ದಾಗೆ ಹಿಂಗೈತಾ?"

"ಬ್ಯಾಂಕಿಗೆ ಆಧಾರ್ ಹೆಸ್ರೇ ಹೋಗ್ತೈತೆ ಸಾರ್. ಇದು ಬರೀ ಪರದೆಗೆ. ಸಿನಿಮಾ ಹೀರೋಗಳಿಗೆ ಮನೇಲೊಂದು, ಪರದೆ ಮ್ಯಾಲೊಂದು ಹೆಸ್ರು ಇರಲ್ವಾ?"

ಚಿತ್ರಲಿಂಗಪ್ಪ ಗೋಡೆಗೆ ಮುಖ ಮಾಡಿದ್ದ ಹುಡುಗಿಯನ್ನು ನೋಡಿದರು, ಪರದೆಯನ್ನು ನೋಡಿದರು. "ಲಾಕ್ ಮಾಡು" ಎಂದಷ್ಟೇ ಹೇಳಿ ಹೊರಟರು.

ಮರುದಿನ ಬೆಳಿಗ್ಗೆ ಹಸಿರು ದೀಪ ಹತ್ತಿದಾಗ ರೋಜಾ ಯಂತ್ರದ ಮುಂದಿಂದ ಕದಲಲೇ ಇಲ್ಲ.

"ಸರ್ಕಳೇ ತಾಯಿ, ನಂಗೆ ಲೇಟ್ ಬೀಳ್ತೈತೆ!" ಎಂದು ಹಿಂದಿನಿಂದ ತಿಪ್ಪಮ್ಮ ಕೂಗಿದಳು. ಸಾಲೆಲ್ಲ ಗದ್ದಲ ಎಬ್ಬಿಸಿತು.

"ನಿಂತ್ಕಳ್ಳಿ ಬಿಡ್ರೇ," ಎಂದ ನಾಸಿರ್ ಕಿಟಕಿಯಿಂದ. "ಇವತ್ತಿನ ಲೇಟೆಲ್ಲ ನಾನ್ ತಿದ್ಕಂತೀನಿ."