ಫೋಟೋಗೆ ಮಾತ್ರ ತೊಟ್ಟ ಕೈಗವಸು

ನಾನು ಒಂದು ರಬ್ಬರ್ ಕೈಗವಸು, ಬಲಗೈಯದು. ಎಡಗೈಯದು ನನ್ನ ತಂಗಿ. ಪಿಂಗಾಣಿಯ ಕೈಯೊಂದನ್ನು ರಬ್ಬರ್ ಹಾಲಿನಲ್ಲಿ ಮತ್ತೆ ಮತ್ತೆ ಅದ್ದಿ, ಒಣಗಿಸಿ ನಮ್ಮನ್ನು ಹುಟ್ಟಿಸಿದರು. ಆಮೇಲೆ ನನ್ನೊಳಗೆ ನೀರು ತುಂಬಿ, ನೀರಿನಲ್ಲೇ ಮುಳುಗಿಸಿ, ಕರೆಂಟು ಹಾಯಿಸಿ ಪರೀಕ್ಷೆ ಮಾಡಿದರು. ನಾನು ಅದನ್ನು ಒಂದಿಷ್ಟೂ ದಾಟಗೊಡಲಿಲ್ಲ. ಪಾಸಾದ ಮುದ್ರೆ ಬಿದ್ದಾಗ ನನಗೆ ಬಂದ ಜಂಬ ಅಷ್ಟಿಷ್ಟಲ್ಲ. ಯಾರದೋ ಒಂದು ಕೈ ಕಾಯಲೆಂದೇ ಹುಟ್ಟಿದ್ದೇನೆ ಎಂದು ಹಿಗ್ಗಿದೆ.

ಗದಗದ ಕಡೆಯ ಸಣ್ಣ ಊರೊಂದರ ಸರಕಾರಿ ವಿದ್ಯುತ್ ಕಚೇರಿಗೆ ನಮ್ಮನ್ನು ಕಳಿಸಿದರು. ಅಲ್ಲಿ ಸ್ಟೋರ್ ನೋಡಿಕೊಳ್ಳುವವರು ಹೊಸಮನಿ. ಕೆಟ್ಟವರಲ್ಲ, ಅಂಜುಬುರುಕರು. ಸಾಮಾನು ಹರಿದರೆ, ಕಳೆದರೆ ಮೇಲಿನವರಿಗೆ ಅವರೇ ಉತ್ತರ ಕೊಡಬೇಕು. ಹಾಗಾಗಿ ರಬ್ಬರ್ ಅಂಟದಂತೆ ನಮಗೆ ಪೌಡರ್ ಹಾಕಿ ಕಪಾಟಿನಲ್ಲಿಟ್ಟು ಬೀಗ ಜಡಿದರು.

ಜನವರಿಯ ಸುರಕ್ಷತಾ ಸಪ್ತಾಹಕ್ಕೆ ಕಪಾಟು ತೆರೆಯಿತು. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಲೈನ್‌ಮನ್ ಫಕೀರಪ್ಪ ನನ್ನನ್ನು ತೊಟ್ಟ. ಬೆಚ್ಚಗಿನ, ಒರಟು ಕೈ. ನನ್ನ ಐದೂ ಬೆರಳು ತುಂಬಿದವು. ಬ್ಯಾನರ್ ಮುಂದೆ ಫೋಟೋ ತೆಗೆದರು. ಮುಗಿದ ಕೂಡಲೇ ಹೊಸಮನಿ ಕೈ ಚಾಚಿದರು.

“ಇವನ್ನ ನನ್ನ ಕಡೆನ ಬಿಡ್ರಿ ಸಾಹೇಬ್ರ. ಮಳಿಗಾಲದಾಗ ತಂತಿ ಮುಟ್ಟಾಕ ಅಂಜಿಕಿ ಆಗ್ತೈತಿ.”

“ಹರದ್ರ ನಾ ಏನ್ ಹೇಳ್ಲೋ? ಇಲ್ಲೇ ಇರತಾವ, ಬೇಕಾದಾಗ ಬಂದು ಒಯ್ಯಿ. ಈಗ ತಗೊಂಡೇನಂತ ಸಹಿ ಮಾಡು.”

“ಊಟಕ್ಕಿಲ್ಲದ ಉಪ್ಪಿನಕಾಯಿ,” ಎಂದು ಗೊಣಗುತ್ತ ಫಕೀರಪ್ಪ ರಿಜಿಸ್ಟರಿಗೆ ಸಹಿ ಹಾಕಿದ. ನಾಲ್ಕು ಜನವರಿ, ನಾಲ್ಕು ಸಹಿ. ಪ್ರತಿ ಸಲವೂ ಒಂದು ಗಂಟೆಯೊಳಗೆ ನಾನು ಕಪಾಟಿಗೆ ವಾಪಸು. ವಾಪಸು ಕೊಟ್ಟದ್ದಕ್ಕೆ ಮಾತ್ರ ಯಾರೂ ಸಹಿ ಕೇಳಲಿಲ್ಲ.

ಆ ನಾಲ್ಕನೆಯ ವರ್ಷ ಅವನ ಕೆಲಸ ಕಾಯಂ ಆಗುವುದರಲ್ಲಿತ್ತು. ಜುಲೈನ ಒಂದು ಮಧ್ಯಾಹ್ನ ತಂತಿ ಹರಿದುಬಿತ್ತು. ಫಕೀರಪ್ಪ ಓಡಿಬಂದು ಸ್ಟೋರಿನ ಬಾಗಿಲು ಬಡಿದ. ಹೊಸಮನಿ ಜಿಲ್ಲಾ ಕಚೇರಿಯ ಮೀಟಿಂಗಿಗೆ ಹೋಗಿದ್ದರು, ಕೀಲಿಕೈ ಅವರ ಜೇಬಿನಲ್ಲಿ. ಒಳಗಿನಿಂದ ನಾನು ಅವನ ದನಿ ಕೇಳಿದೆ, ತಿರುಗಿ ಹೋದ ಹೆಜ್ಜೆಗಳನ್ನೂ ಕೇಳಿದೆ. ಲೈನ್ ಬಂದ್ ಮಾಡಿಸಿಯೇ ಕಂಬ ಹತ್ತಿದನಂತೆ. ಆದರೆ ಕಲ್ಯಾಣಮಂಟಪದ ಜನರೇಟರಿನ ಕರೆಂಟು ಹಿಂದಿನಿಂದ ತಂತಿಗೆ ನುಗ್ಗಿತು. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಹೋದವು.

ವಿಚಾರಣೆಯ ದಿನ ನನ್ನನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ನಾಲ್ಕು ಸಹಿ, ನಾಲ್ಕು ಫೋಟೋ. ಅಧಿಕಾರಿ ನನ್ನನ್ನು ತಿರುಗಿಸಿ ನೋಡಿದರು. ಒಂದು ಗೀರಿಲ್ಲ, ಒಳಗಿನ ಪೌಡರೂ ಹೋಗಿಲ್ಲ. “ಕೊಟ್ಟೇವಿ, ಇವ ಹಾಕ್ಕೊಂಡೇ ಇಲ್ಲ,” ಎಂದು ‘ನಿರ್ಲಕ್ಷ್ಯ’ ಅಂತ ಬರೆದರು. ಪರಿಹಾರ ಇಲ್ಲ, ಕಾಯಂ ಕೆಲಸವೂ ಇಲ್ಲ.

ಅವನ ಹೆಂಡತಿ ದ್ಯಾಮವ್ವ ಬಾಗಿಲಲ್ಲೇ ನಿಂತು ಕೂಗಿದಳು: “ಕಪಾಟಿನಾಗ ಇಟ್ಟು ಕೀಲಿ ಹಾಕಿದ್ದನ್ನ ಇವರು ಎಲ್ಲಿಂದ ಹಾಕ್ಕೋಬೇಕಿತ್ರಿ?” ಹೊಸಮನಿ ರಿಜಿಸ್ಟರ್ ಮುಚ್ಚಿದರು. ನನಗೆ ಬಾಯಿಲ್ಲ. ಯಾವ ಕೈ ಕಾಯಲು ಹುಟ್ಟಿದೆನೋ ಅದೇ ಕೈಯ ವಿರುದ್ಧ ನನ್ನಿಂದ ಸಾಕ್ಷಿ ಹೇಳಿಸಿದರು. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಮರುಕಪಟ್ಟವರಂತೆ ಫಕೀರಪ್ಪನಿಗೆ ಅದೇ ಸ್ಟೋರಿನ ಕಸ ಗುಡಿಸುವ ದಿನಗೂಲಿ ಕೊಟ್ಟರು. ತಿಂಗಳಿಗೊಮ್ಮೆ ಎರಡೇ ಬೆರಳಿನ ಆ ಕೈ ನನಗೆ ಪೌಡರ್ ಹಾಕುತ್ತಿತ್ತು.

ಮತ್ತೆ ಜನವರಿ ಬಂತು. ಅವನ ಜಾಗಕ್ಕೆ ಬಂದ ಲೈನ್‌ಮನ್ ಮೈಲಾರಪ್ಪ ಫೋಟೋಗೆ ನಿಲ್ಲಬೇಕಿತ್ತು. ಕೊಡುವ ಮುಂಚೆ ತೂತಿದೆಯೇ ನೋಡಲು ಫಕೀರಪ್ಪ ನನ್ನ ತೆರೆದ ಅಂಚು ಸುತ್ತಿ, ಒಳಗೆ ಗಾಳಿ ತುಂಬಿಸಿ, ಕೆನ್ನೆಯ ಹತ್ತಿರ ಹಿಡಿದ. ನನ್ನ ತೋರುಬೆರಳಿನಿಂದ ಗಾಳಿ ಸುಯ್ಯೆಂದು ಹೊರಟಿತು. ತೊಡದೆಯೇ ನಾನು ಮುದುಕಿಯಾಗಿ ಬಿರಿದಿದ್ದೆ.

“ಇದನ್ನ ನಂಬಿದ್ರ ಸಾಯ್ತಿ,” ಎಂದು ನನ್ನನ್ನು ಗುಜರಿ ಚೀಲಕ್ಕೆ ಎಸೆದ.

ಹೊಸಮನಿ ಆಗಲೇ ರಿಜಿಸ್ಟರ್ ತೆರೆದು ಮೈಲಾರಪ್ಪನಿಗೆ ಪೆನ್ನು ಕೊಟ್ಟಿದ್ದರು. “ಹೋಗ್ಲಿ, ಹೊಸವು ಬರತಾವ. ನೀ ಸಹಿ ಮಾಡು.”

ಮೈಲಾರಪ್ಪ ಬಗ್ಗಿದ. ಫಕೀರಪ್ಪ ತನ್ನ ಬಲಗೈಯನ್ನು ಆ ಹಾಳೆಯ ಮೇಲೆ, ಸಹಿಯ ಜಾಗಕ್ಕೇ ಸರಿಯಾಗಿ ಊರಿದ.

“ಕೈಗೆ ಬರೂತನಕ ಸಹಿ ಮಾಡಬ್ಯಾಡ, ತಮ್ಮಾ.”

ಚೀಲದ ಬಾಯಿಂದ ನನಗೆ ಅಷ್ಟೇ ಕಂಡದ್ದು: ಮೈಲಾರಪ್ಪ ಆ ಕೈ ನೋಡಿದ, ಪೆನ್ನು ಕೆಳಗಿಟ್ಟ.