ಅಳಿಸಿದ ‘ಅಂತೆ’

"ಮೇಡಂ, ಇದನ್ನೇ ಹುಡುಕೋಣ್ವಾ?" ಎಂದು ಮುಂದಿನ ಸಾಲಿನ ಹುಡುಗಿ ಮೊಬೈಲ್ ಎತ್ತಿ ತೋರಿಸಿದಳು. ಮೊಬೈಲಿಗೆ ಬರುವ ಸುದ್ದಿ ನಿಜವೋ ಸುಳ್ಳೋ ಎಂದು ಪತ್ತೆ ಮಾಡುವ ಪಾಠ ಅಂದು ಕಾಲೇಜಿನ ಲೈಬ್ರರಿಯಲ್ಲಿ ನಡೆದಿತ್ತು. ಚಾಪೆಗಳ ಮೇಲೆ ಸಾಲಾಗಿ ಮಲಗಿದ ಪುಟ್ಟ ಮಕ್ಕಳ ಫೋಟೋ. ತರ್ಕಶಾಸ್ತ್ರದ ಮೇಡಂಗೆ ಒಳಗೊಳಗೇ ಖುಷಿಯಾಯಿತು. ಅವರ ಎದುರುಮನೆಯಲ್ಲಿ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸೊಬ್ಬರಿದ್ದರು. ಬೀದಿಗೆಲ್ಲ ಅವರು ಚಿಕ್ಕಮ್ಮ. ಆ ಚಿಕ್ಕಮ್ಮ ನಿದ್ದೆ ಔಷಧಿ ಕುಡಿಸಿ ಮಕ್ಕಳನ್ನು ಮಲಗಿಸುತ್ತಾರೆ ಎಂಬ ಸುದ್ದಿಯ ಜೊತೆ ಬಂದ ಫೋಟೋ ಅದು. ಬೀದಿಯ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿದವರು ಸಾಕ್ಷಾತ್ ಈ ಮೇಡಂ!

"ಹುಡುಕಿ, ಹುಡುಕಿ. ಬರೀ ಸುಳ್ಳನ್ನೇ ಹಿಡೀಬೇಕು ಅಂತೇನಿಲ್ಲ, ನಿಜ ಪತ್ತೆ ಮಾಡೋದೂ ಕಲೀಬೇಕು."

ಎಲ್ಲರೂ ನಂಬಿದ್ದಾರೆ ಎಂದ ಮಾತ್ರಕ್ಕೆ ನಿಜವಲ್ಲ, ದೊಡ್ಡವರು ಹೇಳಿದರು ಎಂದ ಮಾತ್ರಕ್ಕೂ ನಿಜವಲ್ಲ ಎಂದು ಮೇಡಂ ಆಗಷ್ಟೇ ಬೋರ್ಡಿನ ಮೇಲೆ ಬರೆದಿದ್ದರು. ಲೈಬ್ರರಿಯನ್ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಹಳೆಯ ಪತ್ರಿಕೆಗಳ ಸಂಗ್ರಹದಿಂದ ಒಂದು ಪುಟ ತೆರೆದರು. ಅದೇ ಚಾಪೆ, ಅದೇ ಮಕ್ಕಳು. ಯಾವುದೋ ದೂರದ ಊರಿನಲ್ಲಿ, ಪ್ರವಾಹಕ್ಕೆ ಮನೆ ಕಳೆದುಕೊಂಡವರ ಮಕ್ಕಳು ಶಾಲೆಯೊಂದರಲ್ಲಿ ಮಲಗಿದ್ದರು. ಚಿಕ್ಕಮ್ಮ ಈ ಬೀದಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು.

"ಅಯ್ಯೋ! ನಮ್ಮಕ್ಕ ನಿಮ್ಮ ಬೀದೀಲೇ ಇರೋದು ಮೇಡಂ," ಎಂದಳು ಹುಡುಗಿ. "ಚಿಕ್ಕಮ್ಮನ ಹತ್ರ ಬಿಡ್ತಿದ್ದ ಮಗೂನ ಬಿಡಿಸ್ಕೊಂಡೇ ಬಂದ್ಬಿಟ್ಲು. ನೀವೇ ಹಾಕಿದೀರ ಅಂದ್ಮೇಲೆ..." ಅಷ್ಟರಲ್ಲಿ ಅವಳಿಗೇ ಹೊಳೆದು ನಾಲಿಗೆ ಕಚ್ಚಿಕೊಂಡಳು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಎಲ್ಲರೂ ಸಭ್ಯವಾಗಿ ಪುಸ್ತಕ ನೋಡತೊಡಗಿದರು. ಮೇಡಂಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ತರಗತಿ ಮುಗಿದ ಮೇಲೆ ಅವರು ಕಪಾಟುಗಳ ಸಂದಿಯಲ್ಲಿ ನಿಂತು ಮೊಬೈಲ್ ತೆರೆದರು. ತಮಗೆ ಬಂದಿದ್ದ ಸಾಲು: ‘ನಿದ್ದೆ ಔಷದಿ ಕುಡಿಸ್ತಾಳಂತೆ’. ತಾವು ಕಳಿಸಿದ್ದು: ‘ನಿದ್ದೆ ಔಷಧಿ ಕುಡಿಸುತ್ತಾರೆ’. ತಪ್ಪು ಕನ್ನಡ ಕಂಡರೆ ಮೇಡಂಗೆ ಕೈ ತುರಿಸುತ್ತದೆ. ಅಕ್ಷರ ತಿದ್ದಿದ್ದರು, ಬಹುವಚನ ಹಾಕಿ ಮರ್ಯಾದೆಯನ್ನೂ ಕೊಟ್ಟಿದ್ದರು. ‘ಅಂತೆ’ಯನ್ನು ಮಾತ್ರ ಕಿತ್ತುಹಾಕಿದ್ದರು! ಎಂಥಾ ಕೆಲಸ ಮಾಡಿಬಿಟ್ಟೆ ಎಂದುಕೊಂಡರು. ಅದು ಸುಳ್ಳು ಸುದ್ದಿ, ತಪ್ಪು ನನ್ನದೇ ಎಂದು ಗುಂಪಿನಲ್ಲಿ ಬರೆದು, ಸಂಜೆ ಚಿಕ್ಕಮ್ಮನ ಮನೆ ಬಾಗಿಲು ತಟ್ಟಿದರು.

ಒಳಗೆ ಚಾಪೆಗಳನ್ನೆಲ್ಲ ಸುತ್ತಿ ಗೋಡೆಗೆ ಒರಗಿಸಿತ್ತು. ಉಳಿದಿದ್ದು ಚಿಕ್ಕಮ್ಮನ ಸ್ವಂತ ಮೊಮ್ಮಗಳೊಬ್ಬಳೇ.

"ತಪ್ಪಾಯ್ತು ಚಿಕ್ಕಮ್ಮ. ಗುಂಪಲ್ಲಿ ಹಾಕಿದೀನಿ, ಸುಳ್ಳು ಅಂತ."

"ನೋಡ್ದೆ. ಇಬ್ರೋ ಮೂವರೋ ಹೆಬ್ಬೆಟ್ಟು ಒತ್ತಿದಾರೆ."

"ಲೈಬ್ರರೀಲಿ ಹುಡುಕಿದಾಗ ಗೊತ್ತಾಯ್ತು..."

"ಅಷ್ಟು ದೂರ ಯಾಕೆ ಹೋಗ್ಬೇಕಿತ್ತು ಮೇಡಂ? ನಾನು ಎದುರುಗಡೇನೇ ಇದೀನಲ್ಲ. ಬಂದು ಒಂದು ಮಾತು ಕೇಳ್ಬಹುದಿತ್ತು."

ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. ಚಿಕ್ಕಮ್ಮನ ತೊಡೆಯ ಮೇಲಿದ್ದ ಮೊಮ್ಮಗಳ ಕಣ್ಣು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ತಲೆ ಒಂದು ಕಡೆಗೆ ವಾಲಿತು. ಬೆನ್ನು ತಟ್ಟುತ್ತಿದ್ದ ಕೈ ಥಟ್ಟನೆ ನಿಂತಿತು. ಚಿಕ್ಕಮ್ಮ ಒಮ್ಮೆ ಮೇಡಂ ಮುಖ ನೋಡಿದರು. ಆಮೇಲೆ ಮಗುವಿನ ಭುಜ ಹಿಡಿದು ಅಲುಗಿಸಿದರು.

"ಏಳು ಪುಟ್ಟಿ, ಏಳು. ನಿದ್ದೆ ಮಾಡ್ಬಾರ್ದು ಈಗ."

ಮಗು ಬೆಚ್ಚಿ ಕಣ್ಣುಬಿಟ್ಟು ಅಳತೊಡಗಿತು.