ಪ್ರಭುದಾಸನ ಸಾಕ್ಷಿ

ಬೆಟಗೇರಿಯ ಸಣ್ಣ ಕ್ರೈಸ್ತ ಸಭೆಯಲ್ಲಿ ಭಾನುವಾರದ ಹಾಡು ಮುಗಿದ ಮೇಲೆ ಸಾಕ್ಷಿ ಹೇಳಲು ಎದ್ದವನು ರೂತವ್ವನ ತಮ್ಮ ಪ್ರಭುದಾಸ. ಹೋದ ವರ್ಷ ಯುಗಾದಿಯ ಮರುದಿನ, ಅಂತೂರ ಬೆಂತೂರ ಊರಿನ ಹಾದಿಯಲ್ಲಿ, ಕುಡಿದು ಕಾರು ಓಡಿಸುತ್ತ ಸೈಕಲ್ಲಿನವನೊಬ್ಬನಿಗೆ ಹೊಡೆದು, ನಿಲ್ಲಿಸದೆ ಓಡಿಬಂದಿದ್ದನ್ನು ಅಳುತ್ತ ಹೇಳಿದ.

"ಕಡೀಕ ಯೇಸುಸ್ವಾಮಿ ಪಾದಕ್ಕ ಬಿದ್ದೆ. ಆತ ನನ್ನ ಪಾಪ ತೊಳದ. ಈಗ ಮನಸ್ಸು ಹಗುರ ಐತ್ರಿ."

"ಹಲ್ಲೆಲೂಯಾ" ಎಂದಿತು ಸಭೆ.

ರೂತವ್ವನ ಬಾಯಿಂದ ಅದು ಹೊರಡಲಿಲ್ಲ. ಆಕೆ ಗದಗಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅದೇ ದಿನ, ಅದೇ ಹಾದಿಯಿಂದ, ಸೈಕಲ್ಲಿಗೆ ಕಾರು ಹೊಡೆದು ಬಿದ್ದಿದ್ದ ಮೂಕಪ್ಪನೆಂಬವನನ್ನು ಹೊತ್ತು ತಂದಿದ್ದರು. ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಬೇಕಾಯಿತು. ಎರಡು ತಿಂಗಳು ಆ ಗಾಯಕ್ಕೆ ಪಟ್ಟಿ ಕಟ್ಟಿದವಳು ಆಕೆಯೇ. ಆಗೆಲ್ಲ ಪ್ರಭುದಾಸ ಊಟಕ್ಕೆ ಬಂದು, ಅಕ್ಕ ಹೇಳುವ ಮೂಕಪ್ಪನ ಸುದ್ದಿ ಕೇಳುತ್ತ ರೊಟ್ಟಿ ಮುರಿದಿದ್ದ.

ರೂತವ್ವ ಎದ್ದು ನಿಂತಳು. "ಅವನ ಹೆಸರು ಮೂಕಪ್ಪ. ಅವನ ಮುಂದ ಹೇಳಿಯೇನಲೇ ಇದನ್ನ?"

"ಕುಂಡ್ರಿ ರೂತವ್ವಾರ," ಎಂದರು ಪಾಸ್ಟರ್. "ರಕ್ಷಣೆ ಕೃಪೆಯಿಂದ ಬರತೈತಿ, ನಮ್ಮ ಕೆಲಸದಿಂದಲ್ಲ."

"ಸಣ್ಣಾಕಿ ಇದ್ದಾಗ ಬಾಯಿಪಾಠ ಮಾಡೇನ್ರಿ ಅದನ್ನ. ಕೃಪೆ ಅಂದ್ರ ಪೊಲೀಸರಿಗೆ ಸಿಗದಂಗ ಅಡಗೋ ಜಾಗ ಏನ್ರಿ?"

"ಅಕ್ಕಾ, ದೇವ್ರು ಕ್ಷಮಾ ಮಾಡ್ಯಾನ..."

"ಹೋಗಿದ್ದು ದೇವ್ರ ಕಾಲ ಅಲ್ಲಲೇ!"

ತಮ್ಮನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಯಾರೂ ತಡೆಯಲಿಲ್ಲ.

ಅಂತೂರ ಬೆಂತೂರದಲ್ಲಿ ಮೂಕಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ. ಪ್ರಭುದಾಸ ಎಲ್ಲ ಹೇಳಿ ಅವನ ಕಾಲು ಮುಟ್ಟಲು ಬಗ್ಗಿದ. ಇದ್ದದ್ದು ಒಂದೇ. ಮೂಕಪ್ಪನ ಹೆಂಡತಿ ಹನಮಂತವ್ವ ಮೊರದಲ್ಲಿದ್ದ ಮೆಣಸಿನಕಾಯಿಯನ್ನು ಅವನ ಮುಖಕ್ಕೇ ಎರಚಿದಳು.

"ಆವತ್ತ ನಿಲ್ಲಿಸಿ ದವಾಖಾನಿಗೆ ಒಯ್ದಿದ್ರ ಕಾಲ ಉಳೀತಿತ್ತಂತ ಡಾಕ್ಟರ್ ಹೇಳ್ಯಾರ. ಎರಡ ತಾಸು ರಸ್ತಾದಾಗ ಬಿದ್ದಿದ್ದ ನನ್ನ ಗಂಡ!"

ಮೂಕಪ್ಪ ಕಟ್ಟೆಯ ಮೇಲೆ ಚೆಲ್ಲಿದ್ದ ಮೆಣಸಿನಕಾಯಿಯನ್ನು ಆರಿಸಿ ಮೊರಕ್ಕೆ ಹಾಕಿದ. ಆಮೇಲೆ ಹೇಳಿದ: "ಠಾಣೇಕ ಹೋಗಿ ಹೇಳು. ಕ್ಷಮಾದ ಮಾತು ಆಮ್ಯಾಲ."

"ಅಕ್ಕಾ, ಮನ್ಯಾಗ ಎರಡ ಹೆಣ್ಣಮಕ್ಕಳದಾವ," ಎಂದ ಪ್ರಭುದಾಸ.

"ಇವರ ಮನ್ಯಾಗೂ ಮಕ್ಕಳದಾವ. ನಡಿ."

ಸಂಜೆಯೊಳಗೆ ಅವನು ಠಾಣೆಯಲ್ಲಿ ಹೇಳಿಕೆ ಬರೆದುಕೊಟ್ಟು ಸಹಿ ಹಾಕಿದ. ರೂತವ್ವ ಪಕ್ಕದಲ್ಲೇ ನಿಂತಿದ್ದಳು.

ಮುಂದಿನ ಭಾನುವಾರ ಪಾಸ್ಟರ್ ಬೇರೆಯವರ ಬಗ್ಗೆ ತೀರ್ಪು ಮಾಡಬಾರದೆಂದು ಬೋಧಿಸಿದರು. ತಮ್ಮನ ಹೆಂಡತಿ ಮುಖ ತಿರುಗಿಸಿ ಕುಳಿತಿದ್ದಳು. ರೂತವ್ವನ ಬೆಂಚಿಗೆ ಯಾರೂ ಬರಲಿಲ್ಲ. ಆಕೆ ಮೊಣಕಾಲೂರಿ ತಮ್ಮನಿಗಾಗಿ, ಮೂಕಪ್ಪನಿಗಾಗಿ ಪ್ರಾರ್ಥಿಸಿದಳು. ಎದೆಯೊಳಗಿನ ಸಿಟ್ಟು ಇಳಿದಿರಲಿಲ್ಲ. ಅದನ್ನು ಇಳಿಸು ಎಂದು ಆಕೆ ದೇವರನ್ನು ಕೇಳಲೂ ಇಲ್ಲ.